ಸಹಾಯ ಬೇಕು: ಬ್ಲಾಕ್ (ಹಲ್ಲಿನ ನರ ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟರೂ ನೋವು ಹೋಗದಿದ್ರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಏನು ಹೇಳೋದು?

ಎಲ್ಲರಿಗೂ ನಮಸ್ಕಾರ. ಬಿಡಿಎಸ್ (ದಂತವೈದ್ಯ ಪದವಿ) ಫೈನಲ್ ಇಯರ್, ಪ್ರಾಕ್ಟಿಕಲ್ಸ್ ಹತ್ತಿರ ಬಂತು. ಪಿಜಿ ಮಾಡ್ತಿರೋ ಅಕ್ಕ-ಅಣ್ಣಂದಿರು ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

ಇನ್‌ಫೀರಿಯರ್ ಆಲ್ವಿಯೋಲಾರ್ ಬ್ಲಾಕ್ (ಕೆಳದವಡೆಯ ಹಲ್ಲುಗಳ ನರಕ್ಕೆ ಕೊಡೋದು) ಬಾಯಿಪಾಠ ಆಗಿದೆ: ಕೊರೊನಾಯ್ಡ್ ನಾಚ್ (ಕೆಳದವಡೆ ಮೂಳೆಯ ಮುಂಭಾಗದ ತಗ್ಗು) ಮೇಲೆ ಬೆರಳು, ಎದುರು ಬದಿಯ ಪ್ರೀಮೋಲಾರ್ (ದವಡೆ ಹಲ್ಲಿಗಿಂತ ಮುಂದಿನ ಹಲ್ಲು) ಮೇಲಿಂದ ಸಿರಿಂಜ್, 20–25 ಮಿ.ಮೀ. ಒಳಗೆ ಹೋದ್ಮೇಲೆ ಮೂಳೆ ತಗಲಬೇಕು, ಆಸ್ಪಿರೇಟ್ ಮಾಡಿಯೇ (ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಾ ನೋಡಿ) ಔಷಧಿ ಬಿಡಬೇಕು. ಮೂಳೆ ಬೇಗ ತಗುಲಿದ್ರೆ ಸೂಜಿ ತೀರಾ ಮುಂದಿದೆ. ತಗಲದೇ ಹೋದ್ರೆ ಹಿಂದಿದೆ. ಅಲ್ಲೇ ಬಿಟ್ರೆ ಔಷಧಿ ಪೆರೋಟಿಡ್‌ಗೆ (ಕಿವಿ ಮುಂದಿನ ಜೊಲ್ಲು ಗ್ರಂಥಿ) ಹೋಗಿ ಆ ಬದಿಯ ಮುಖ ತಾತ್ಕಾಲಿಕವಾಗಿ ಸೋಲಬಹುದು.

ಗೊಂದಲ ಇರೋದು ಇರ್ರಿವರ್ಸಿಬಲ್ ಪಲ್ಪೈಟಿಸ್ (ಹಲ್ಲಿನೊಳಗಿನ ಪಲ್ಪ್ ಅಂದ್ರೆ ನರ-ರಕ್ತನಾಳಗಳ ತಿರುಳಿನ ವಾಸಿಯಾಗದ ಉರಿಯೂತ) ಇರೋ ಕೆಳಗಿನ ಮೋಲಾರ್‌ನಲ್ಲಿ (ದವಡೆ ಹಲ್ಲು). ತುಟಿ ಪೂರ್ತಿ ಮರಗಟ್ಟಿರುತ್ತೆ, ಆದ್ರೂ ಬರ್ (ಕೊರೆಯೋ ತುದಿ) ಡೆಂಟಿನ್‌ಗೆ (ಎನಾಮಲ್ ಕೆಳಗಿನ ಪದರ) ತಾಗಿದ ತಕ್ಷಣ ಪೇಷೆಂಟ್ ಕುರ್ಚಿ ಹಿಡಿ ಬಿಗಿಯಾಗಿ ಹಿಡ್ಕೊಂಡು ತಲೆ ಹಿಂದೆ ಎಳ್ಕೋತಾರೆ. ಆಗ ಮೊದಲ ಆಯ್ಕೆ ಯಾವುದು ಅನ್ಬೇಕು? ಆರ್ಟಿಕೇನ್ (ಇನ್ನೊಂದು ಮರಗಟ್ಟಿಸೋ ಔಷಧಿ) ಬಕ್ಕಲ್ ಇನ್ಫಿಲ್ಟ್ರೇಷನ್ನಾ (ಹಲ್ಲಿನ ಕೆನ್ನೆ ಬದಿಗೆ ಚುಚ್ಚೋದು), ಇಂಟ್ರಾಲಿಗಮೆಂಟರಿನಾ (ಹಲ್ಲು-ಮೂಳೆ ನಡುವಿನ ಲಿಗಮೆಂಟ್‌ಗೆ ಚುಚ್ಚೋದು)? ಇಂಟ್ರಾಪಲ್ಪಲ್ (ನೇರ ಪಲ್ಪ್‌ಗೇ ಚುಚ್ಚೋದು) ಕೊನೆಗೇ ಅಂತ ಗೊತ್ತು, ಪಲ್ಪ್ ತೆರೆದ ಮೇಲಷ್ಟೇ ಅದು ಸಾಧ್ಯ (ಪಾಪ, ಅದೂ ನೋವೇ).

ಇನ್ನೊಂದು: 2% ಲಿಗ್ನೊಕೇನ್ (ಸಾಮಾನ್ಯವಾಗಿ ಬಳಸೋ ಮರಗಟ್ಟಿಸೋ ಔಷಧಿ) ಅಂದ್ರೆ ಮಿ.ಲೀ.ಗೆ 20 ಮಿ.ಗ್ರಾಂ, ಆ ಲೆಕ್ಕ ಬರುತ್ತೆ. ಅದರ ಜೊತೆ ಅಡ್ರಿನಲಿನ್ ಇದ್ದಾಗ ಗರಿಷ್ಠ ಡೋಸ್ ಪೇಷೆಂಟ್ ತೂಕದ ಕೆಜಿಗೆ 4.4 ಮಿ.ಗ್ರಾಂ ಅನ್ನೋದಾ, 7 ಮಿ.ಗ್ರಾಂ ಅನ್ನೋದಾ? ಎರಡೂ ಓದಿದೀನಿ. ನಿಮ್ಮ ಎಕ್ಸಾಮಿನರ್ ಯಾವುದನ್ನ ಒಪ್ಪಿದ್ರು?