ಧಾರೆಯ ಹೊತ್ತಿನಲ್ಲಿ ಕೈಕೊಟ್ಟ ಶಟರ್: ದುರಸ್ತಿಯೋ, ಬೇರೆ ಬಾಡಿಯೋ?

ಪ್ರಶ್ನೆ

ನಮಸ್ಕಾರ ಸರ್. ನಾನು ಬಸವನಗುಡಿಯವನು, ಮದುವೆ ಮತ್ತು ನಾಮಕರಣಗಳ ಫೋಟೋ ತೆಗೆಯುವುದೇ ನನ್ನ ಜೀವನೋಪಾಯ. 2017ರಲ್ಲಿ ಹೊಸದಾಗಿ ಕೊಂಡ ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತೊಂದರೆ ಕೊಟ್ಟಿರಲಿಲ್ಲ. ಕಳೆದ ಭಾನುವಾರ ಚಾಮರಾಜಪೇಟೆಯ ಛತ್ರವೊಂದರಲ್ಲಿ ಧಾರೆ ನಡೆಯುತ್ತಿದ್ದಾಗ ಕೆಲವು ಚಿತ್ರಗಳ ಕೆಳಭಾಗದಲ್ಲಿ ಕಪ್ಪು ಪಟ್ಟಿ ಕಾಣಿಸಿಕೊಂಡಿತು. ಮಧ್ಯಾಹ್ನ ಊಟದ ಹೊತ್ತಿಗೆ ಪರದೆಯ ಮೇಲೆ ಎರರ್ ಸಂದೇಶವೂ ಬಂತು. ಆಫ್ ಮಾಡಿ ಆನ್ ಮಾಡಿದರೆ ನಾಲ್ಕೈದು ಚಿತ್ರಗಳು ಸರಿಯಾಗಿ ಬರುತ್ತವೆ, ಆಮೇಲೆ ಮತ್ತೆ ಅದೇ ತೊಂದರೆ. ಜೊತೆಗಿದ್ದ ಹುಡುಗನ ಬಳಿ ಇನ್ನೊಂದು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇದ್ದುದರಿಂದ ಮಾಂಗಲ್ಯಧಾರಣೆಯ ಚಿತ್ರಗಳು ಉಳಿದವು. ಶಟರ್ ಕೌಂಟ್, ಅಂದರೆ ಈವರೆಗೆ ತೆಗೆದ ಚಿತ್ರಗಳ ಲೆಕ್ಕ, 1,62,000 ಆಗಿದೆ, ಕಂಪನಿ ಹೇಳಿರುವ ಆಯಸ್ಸು 1,50,000. ಶಟರ್ ಹೋಗಿದೆಯೆಂದೇ ತಿಳಿಯಬೇಕೆ?

ಉತ್ತರ

ನಮಸ್ಕಾರ. ಮುಹೂರ್ತದ ಹೊತ್ತಿನಲ್ಲಿ ಕ್ಯಾಮೆರಾ ಕೈಕೊಟ್ಟರೆ ಎಷ್ಟು ಗಾಬರಿಯಾಗುತ್ತದೆ ಎಂಬುದು ನನಗೆ ಗೊತ್ತು. ನನ್ನ ದುರಸ್ತಿ ಮೇಜಿನ ಮುಂದೆ ಕುಳಿತು ಅದನ್ನು ಹೇಳಿಕೊಂಡವರು ಬಹಳ ಮಂದಿ. ಆದರೂ 1,62,000 ಎಂಬ ಅಂಕಿಯನ್ನು ನೋಡಿಯೇ ತೀರ್ಮಾನಕ್ಕೆ ಬರಬೇಡಿ. ನಿಕಾನ್ ಡಿ7200ಕ್ಕೆ 1,50,000, ಡಿ850ಕ್ಕೆ 2,00,000, ಕ್ಯಾನನ್ 1ಡಿ ಎಕ್ಸ್‌ಗೆ 4,00,000 ಎಂದು ಕಂಪನಿಗಳು ಕೊಡುವ ಸಂಖ್ಯೆಗಳು ಪರೀಕ್ಷೆಯ ಆಧಾರದ ಅಂದಾಜುಗಳೇ ಹೊರತು ಗಡುವುಗಳಲ್ಲ. ಆ ಸಂಖ್ಯೆಯನ್ನು ದಾಟಿ ದುಪ್ಪಟ್ಟು ಓಡಿದ ಶಟರ್‌ಗಳನ್ನೂ, 40,000ಕ್ಕೇ ಬ್ಲೇಡ್ ಕಳಚಿಕೊಂಡ ಶಟರ್‌ಗಳನ್ನೂ ನಾನೇ ಬಿಚ್ಚಿ ನೋಡಿದ್ದೇನೆ.

ಶಟರ್‌ನೊಳಗೆ ಏನು ನಡೆಯುತ್ತದೆ ಎಂಬುದು ತಿಳಿದಿದ್ದರೆ ಪರೀಕ್ಷೆ ಮಾಡುವುದು ಸುಲಭ. ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರ್‌ನ ಮುಂದೆ ತೆಳುವಾದ ಬ್ಲೇಡ್‌ಗಳಿಂದಾದ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಸೆನ್ಸರ್ ಅನ್ನು ತೆರೆಯುತ್ತದೆ, ಎರಡನೆಯದು ಅದರ ಹಿಂದೆಯೇ ಬಂದು ಮುಚ್ಚುತ್ತದೆ. ಒಂದೊಂದು ಪರದೆಯೂ ಸೆನ್ಸರ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಲು ಸುಮಾರು ಮೂರು ನಾಲ್ಕು ಮಿಲಿಸೆಕೆಂಡು ಹಿಡಿಯುತ್ತದೆ. ಶಟರ್ ವೇಗ 1/60, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ, ಇರುವಾಗ ಸೆನ್ಸರ್ ಪೂರ್ತಿ ತೆರೆದು, ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಅನಂತರ ಮುಚ್ಚುವುದರಿಂದ ಪರದೆಯೊಂದು ಕೊಂಚ ತಡವರಿಸಿದರೂ ಚಿತ್ರದಲ್ಲಿ ಅದು ತಿಳಿಯುವುದಿಲ್ಲ. 1/4000ರಲ್ಲಾದರೋ ಎರಡೂ ಪರದೆಗಳು ಒಂದೆರಡು ಮಿಲಿಮೀಟರಿನ ಸೀಳನ್ನಷ್ಟೇ ನಡುವೆ ಬಿಟ್ಟುಕೊಂಡು ಒಟ್ಟಿಗೆ ಓಡುತ್ತವೆ. ಹಿಂದಿನದು ಮುಂದಿನದನ್ನು ಮುಟ್ಟಿಬಿಟ್ಟರೆ ಅಲ್ಲಿಂದಾಚೆಗೆ ಸೆನ್ಸರ್‌ಗೆ ಬೆಳಕೇ ಬೀಳದೆ ಕಪ್ಪು ಪಟ್ಟಿ ಉಳಿಯುತ್ತದೆ. ಆದ್ದರಿಂದಲೇ ಸೋತ ಶಟರ್ ಮೊದಲು ಕಾಣಿಸಿಕೊಳ್ಳುವುದು ಹೆಚ್ಚಿನ ವೇಗಗಳಲ್ಲಿ.

ಈಗ ಹೀಗೆ ಮಾಡಿ. ಹಗಲು ಬೆಳಕಿನಲ್ಲಿ ಬಿಳಿ ಗೋಡೆಯ ಮುಂದೆ ನಿಂತು, ಮ್ಯಾನುಯಲ್ ಮೋಡ್‌ನಲ್ಲಿ, ಲೆನ್ಸ್‌ನ ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಫ್ಲ್ಯಾಷ್ ಇಲ್ಲದೆ 1/60, 1/250, 1/1000, 1/4000ರಲ್ಲಿ ಹತ್ತತ್ತು ಚಿತ್ರ ತೆಗೆಯಿರಿ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್‌ನ ಸಂವೇದನೆ, ಬದಲಿಸುತ್ತಾ ಬೆಳಕು ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳಿ. ಬಳಿಕ ಬೇರೆ ಲೆನ್ಸ್ ಹಾಕಿ ಅದನ್ನೇ ಮತ್ತೆ ಮಾಡಿ, ಏಕೆಂದರೆ ಲೆನ್ಸ್‌ನ ಅಪರ್ಚರ್ ಸಿಕ್ಕಿಕೊಂಡರೂ, ಅದರ ಲೋಹದ ಕಾಂಟ್ಯಾಕ್ಟ್‌ಗಳು ಕೊಳೆಯಾಗಿದ್ದರೂ ಎರರ್ ಬರಬಹುದು. ಹಾಗೆ ಬಂದ ಎರರ್‌ಗೆ ಶಟರ್ ಬದಲಿಸಿಕೊಂಡು ಹಣ ಕಳೆದುಕೊಂಡವರಿದ್ದಾರೆ. ಚಿತ್ರ ತೆಗೆಯುವ ಮುನ್ನವೇ ಶಟರ್‌ನ ಮುಂದಿನ ಕನ್ನಡಿಯನ್ನು ಮೇಲೆತ್ತುವ ಮಿರರ್ ಅಪ್ ಸೌಲಭ್ಯವಿದ್ದರೆ ಅದರಲ್ಲೂ ಒಮ್ಮೆ ನೋಡಿ. ಕನ್ನಡಿ ಮೊದಲೇ ಮೇಲೆದ್ದಿರುವಾಗ ಪಟ್ಟಿ ಮಾಯವಾದರೆ ದೋಷವು ಶಟರ್‌ನಲ್ಲಲ್ಲದೆ ಕನ್ನಡಿಯ ಚಲನೆಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಮುಖ್ಯ ವಿಷಯವಿದೆ. ಛತ್ರದಲ್ಲಿ ರೇಡಿಯೋ ಟ್ರಿಗರ್ ಮೂಲಕ ಫ್ಲ್ಯಾಷ್ ಬಳಸುತ್ತಿದ್ದಿರಾ? ಕ್ಯಾಮೆರಾದ ಸಿಂಕ್ ವೇಗ (ಫ್ಲ್ಯಾಷ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) 1/200 ಅಥವಾ 1/250 ಇರುವಾಗ ಅದಕ್ಕಿಂತ ಹೆಚ್ಚಿನ ವೇಗ ಇಟ್ಟಿದ್ದರೆ, ಫ್ಲ್ಯಾಷ್ ಮಿಂಚುವ ಕ್ಷಣಕ್ಕೆ ಎರಡನೆಯ ಪರದೆ ಆಗಲೇ ಇಳಿಯಲು ತೊಡಗಿರುತ್ತದೆ. ಸೆನ್ಸರ್ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ ಆ ಪರದೆಯ ನೆರಳು ಚಿತ್ರದ ಕೆಳಭಾಗದಲ್ಲೇ ಕಪ್ಪು ಪಟ್ಟಿಯಾಗಿ ಕಾಣುತ್ತದೆ, ಅದು ದೋಷವೇ ಅಲ್ಲ. ನಿಮಗೆ ಎರರ್ ಸಂದೇಶವೂ ಬಂದಿರುವುದರಿಂದ ಇದಷ್ಟೇ ಕಾರಣವಿರಲಾರದು, ಆದರೂ ಇದು ಕಾರಣವಲ್ಲವೆಂದು ಮೊದಲು ಖಚಿತಪಡಿಸಿಕೊಂಡು ಮುಂದೆ ಹೋಗಿ.

ಬ್ಲೇಡ್‌ಗಳನ್ನು ಬೆರಳಿನಿಂದಾಗಲಿ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದಾಗಲಿ ಮುಟ್ಟಬೇಡಿ. ವಿಡಿಯೋ ನೋಡಿ ಮನೆಯಲ್ಲೇ ಬಾಡಿ ಬಿಚ್ಚುವ ಯೋಚನೆಯಂತೂ ಖಂಡಿತ ಬೇಡ. ಒಳಗೆ ಫ್ಲ್ಯಾಷ್ ಇರುವ ಕ್ಯಾಮೆರಾಗಳ ಕೆಪಾಸಿಟರ್‌ನಲ್ಲಿ, ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು.

ಪ್ರಶ್ನೆ ಕೇಳಿದವರಿಂದ

ತಾವು ಹೇಳಿದಂತೆಯೇ ಪರೀಕ್ಷಿಸಿದೆ ಸರ್. 1/60ರಲ್ಲಿ ಎಲ್ಲವೂ ಸರಿಯಾಗಿವೆ. 1/1000ರಲ್ಲಿ ಹತ್ತಕ್ಕೆ ಮೂರರಲ್ಲಿ, 1/4000ರಲ್ಲಿ ಬಹುತೇಕ ಎಲ್ಲದರಲ್ಲೂ ಪಟ್ಟಿ ಬರುತ್ತಿದೆ. ಎರಡು ಲೆನ್ಸ್‌ಗಳಲ್ಲೂ, ಮಿರರ್ ಅಪ್ ಮಾಡಿದರೂ ಅದೇ ಫಲಿತಾಂಶ. ಅಧಿಕೃತ ಸರ್ವಿಸ್ ಸೆಂಟರ್‌ನವರು ಬಿಡಿಭಾಗಕ್ಕೆ 9,600, ಕೂಲಿ 4,500, ಅದರ ಮೇಲೆ ಜಿಎಸ್‌ಟಿ ಸೇರಿ 16,638 ರೂಪಾಯಿ ಎಂದು ಎಸ್ಟಿಮೇಟ್ ಕೊಟ್ಟಿದ್ದಾರೆ. ಪೇಟೆಯ ಒಂದು ಅಂಗಡಿಯಲ್ಲಿ 7,500ಕ್ಕೆ ಮಾಡಿಕೊಡುವುದಾಗಿ ಬಾಯಿಮಾತಿನಲ್ಲಿ ಹೇಳಿದರು. ಇದೇ ಮಾದರಿಯ ಬಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ 24,000ಕ್ಕೆ ಸಿಗುತ್ತಿದೆ. ಏನು ಮಾಡುವುದು ಸೂಕ್ತ?

ಉತ್ತರ

ಹಾಗಾದರೆ ಶಟರ್ ಸೋತಿರುವುದು ನಿಜ. ಹಣ ಕಟ್ಟುವ ಮುನ್ನ ನಿಮ್ಮ ಕ್ಯಾಮೆರಾದ ಸೀರಿಯಲ್ ನಂಬರ್ ಅನ್ನು ಕಂಪನಿಯ ಜಾಲತಾಣದ ಸರ್ವಿಸ್ ಪ್ರಕಟಣೆಗಳಲ್ಲಿ ಒಮ್ಮೆ ಹುಡುಕಿ. ನಿಕಾನ್ ಕಂಪನಿಯು ಡಿ600ರ ವಿಷಯದಲ್ಲಿ 2014ರ ಫೆಬ್ರುವರಿಯಲ್ಲಿ, ಡಿ750ರ ಕೆಲವು ಸರಣಿಗಳ ವಿಷಯದಲ್ಲಿ 2015ರಲ್ಲಿ, ವಾರಂಟಿ ಮುಗಿದವರಿಗೂ ಉಚಿತವಾಗಿ ಶಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತ್ತು. ಇಂಥ ಅವಕಾಶ ನಿಮ್ಮ ಮಾದರಿಗೆ ಇರುವ ಸಂಭವ ಕಡಿಮೆ, ಆದರೆ ನೋಡುವುದಕ್ಕೆ ಐದು ನಿಮಿಷ ಸಾಕು.

ಕೂಲಿ ಹೆಚ್ಚಾಯಿತೆಂದು ನಿಮಗೆ ಅನಿಸಬಹುದು. ಕೆಲಸ ಎಂಥದೆಂದು ಹೇಳುತ್ತೇನೆ. ಹಿಂಬದಿಯ ಕವಚ ತೆಗೆದು, ತಲೆಗೂದಲಿನಂತಹ ತಂತಿಗಳನ್ನೂ ಪಟ್ಟಿ ಕೇಬಲ್‌ಗಳನ್ನೂ ಬಿಡಿಸಿ, ಮುಖ್ಯ ಬೋರ್ಡ್ ಮತ್ತು ಸೆನ್ಸರ್ ಅನ್ನು ಹೊರತೆಗೆದ ಮೇಲೆಯೇ ಶಟರ್ ಕೈಗೆ ಸಿಗುತ್ತದೆ. ಸೆನ್ಸರ್‌ನ ಸ್ಕ್ರೂಗಳ ಕೆಳಗೆ ಕೂದಲೆಳೆಯಷ್ಟು ತೆಳುವಾದ ತಗಡಿನ ಬಿಲ್ಲೆಗಳಿರುವುದುಂಟು. ಅವು ಅದಲುಬದಲಾದರೆ ಸೆನ್ಸರ್ ಓರೆಯಾಗಿ, ಚಿತ್ರದ ಒಂದು ಬದಿ ಸ್ಪಷ್ಟವಾಗಿದ್ದು ಇನ್ನೊಂದು ಬದಿ ಮಸುಕಾಗುತ್ತದೆ. ಹೊಸ ಶಟರ್ ಕೂರಿಸಿದ ಬಳಿಕ ಪ್ರತಿಯೊಂದು ವೇಗವನ್ನೂ ಟೆಸ್ಟರ್‌ನಲ್ಲಿ ಅಳೆದು ಸರಿಹೊಂದಿಸಬೇಕು, ಫೋಕಸ್ ನೋಡಬೇಕು, ಸೆನ್ಸರ್ ಶುಚಿಗೊಳಿಸಬೇಕು. ಅರ್ಧ ದಿನವನ್ನು ನುಂಗುವ ಕೆಲಸ ಇದು.

ಆ 7,500ರ ಮಾತಿನಲ್ಲಿ ಮೋಸವಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ಕಡಿಮೆ ದರಕ್ಕೆ ಹಾಕುವುದು ಸಾಮಾನ್ಯವಾಗಿ ಕೆಟ್ಟುಹೋದ ಬೇರೊಂದು ಕ್ಯಾಮೆರಾದಿಂದ ಕಳಚಿದ ಶಟರ್ ಆಗಿರುತ್ತದೆ. ಕಂಪನಿ ಬಿಡಿಭಾಗ ಒದಗಿಸುವುದನ್ನು ನಿಲ್ಲಿಸಿದ ಹಳೆಯ ಮಾದರಿಗಳಿಗೆ ನಾನೂ ಅದನ್ನೇ ಮಾಡುತ್ತೇನೆ, ಮಾಡುವಾಗ ಗ್ರಾಹಕರಿಗೆ ಮೊದಲೇ ತಿಳಿಸಿ ಬಿಲ್ಲಿನಲ್ಲೂ ಬರೆಯುತ್ತೇನೆ. ಹೊಸದೋ ಕಳಚಿದ್ದೋ, ಕಳಚಿದ್ದಾದರೆ ಎಷ್ಟು ಓಡಿದ್ದು, ಎಷ್ಟು ತಿಂಗಳ ವಾರಂಟಿ ಎಂದು ಆ ಅಂಗಡಿಯವರನ್ನು ಕೇಳಿ. ಉತ್ತರವನ್ನು ಬರೆದುಕೊಡಲು ಹಿಂಜರಿದರೆ ಅಲ್ಲಿ ಬಿಡಬೇಡಿ.

ಲೆಕ್ಕಕ್ಕೆ ಬರೋಣ. ದುರಸ್ತಿಯ ಖರ್ಚು ಅದೇ ಬಾಡಿಯ ಈಗಿನ ಬೆಲೆಯ ಅರ್ಧ ದಾಟಿದರೆ ಹವ್ಯಾಸಿಗಳಿಗೆ ನಾನು ಸಾಮಾನ್ಯವಾಗಿ ಬೇಡವೆನ್ನುತ್ತೇನೆ. ನಿಮ್ಮದು ಸುಮಾರು ಶೇಕಡಾ 70ರಷ್ಟಾಗಿದೆ. ಹಾಗಿದ್ದರೂ ನಿಮಗೆ ದುರಸ್ತಿಯನ್ನೇ ಸೂಚಿಸುತ್ತೇನೆ. 24,000ಕ್ಕೆ ಸಿಗುವ ಬಾಡಿಯ ಶಟರ್ ಎಷ್ಟು ಓಡಿದೆಯೋ, ಯಾವ ಮಳೆಯಲ್ಲಿ ನೆನೆದಿದೆಯೋ ಹೇಳುವವರಿಲ್ಲ. ನಿಕಾನ್ ಚಿತ್ರಗಳ ಫೈಲಿನೊಳಗೆ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಶಟರ್ ಕೌಂಟ್ ಸಿಗುತ್ತದೆ, ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಅದು ಚಿತ್ರದಲ್ಲಿ ಇರುವುದಿಲ್ಲ, ಯುಎಸ್‌ಬಿ ಮೂಲಕ ಸಾಫ್ಟ್‌ವೇರ್‌ನಿಂದ ಓದಬೇಕು. ಬೋರ್ಡ್ ಬದಲಿಸಿದ ಬಾಡಿಯಾದರೆ ಆ ಅಂಕಿಯನ್ನೂ ನಂಬುವಂತಿಲ್ಲ. ನಿಮ್ಮ ಕ್ಯಾಮೆರಾದ ಚರಿತ್ರೆಯಾದರೋ ನಿಮಗೆ ಗೊತ್ತಿದೆ. ಹೊಸ ಶಟರ್ 1,50,000 ಚಿತ್ರಗಳಷ್ಟು ಬಾಳಿದರೆ ಚಿತ್ರವೊಂದಕ್ಕೆ ಸುಮಾರು 11 ಪೈಸೆ ಬೀಳುತ್ತದೆ. ಮದುವೆಯೊಂದಕ್ಕೆ 2,000 ಚಿತ್ರ ತೆಗೆದರೂ 222 ರೂಪಾಯಿ. ಕನ್ನಡಿಯ ಯಂತ್ರ, ಕಾರ್ಡ್ ಸ್ಲಾಟ್, ಡಯಲ್‌ಗಳು ಇವೆಲ್ಲ ಸುಸ್ಥಿತಿಯಲ್ಲಿವೆಯೇ ಎಂದು ಸರ್ವಿಸ್ ಸೆಂಟರ್‌ನವರಿಂದ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಿ, ಅವುಗಳಲ್ಲಿ ಎರಡು ಸವೆದಿದ್ದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ.

ದುರಸ್ತಿಯಾಗುವವರೆಗೆ ಈ ಕ್ಯಾಮೆರಾವನ್ನು ಯಾವ ಶುಭಕಾರ್ಯಕ್ಕೂ ಒಯ್ಯಬೇಡಿ. ಕಡಿಮೆ ವೇಗದಲ್ಲಿ ಹೇಗೋ ನಡೆಸಿಕೊಳ್ಳುತ್ತೇನೆಂದು ಹೊರಟು, ಮುರಿದ ಬ್ಲೇಡ್ ಸೆನ್ಸರ್‌ನ ಮೇಲೆ ಗೀರಿಕೊಂಡು ಬಂದ ಬಾಡಿಗಳನ್ನು ನೋಡಿದ್ದೇನೆ. ಅಲ್ಲಿಗೆ ದುರಸ್ತಿಯ ಮಾತೇ ಮುಗಿಯುತ್ತದೆ. ಬಾಡಿಗೆಗೆ ಒಂದು ಬಾಡಿ ತೆಗೆದುಕೊಳ್ಳಿ.

ಮತ್ತೊಬ್ಬರ ಪ್ರಶ್ನೆ

ನಾನು ಜಯನಗರದ ಶಿಕ್ಷಕಿ, ರಜೆಯ ದಿನಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತೇನೆ. ನನ್ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದ ಶಟರ್ ಆಗಾಗ ತಡವರಿಸುತ್ತಿದೆ. ದುರಸ್ತಿ ಮಾಡಿಸದೆ ಎಲೆಕ್ಟ್ರಾನಿಕ್ ಶಟರ್ ಮಾತ್ರ ಬಳಸಿಕೊಂಡು ಹೋಗಬಹುದೆ ಸರ್?

ಉತ್ತರ

ಸ್ವಲ್ಪ ಕಾಲ ಹೋಗಬಹುದು ಮೇಡಂ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬ್ಲೇಡ್‌ಗಳು ಅಲುಗಾಡುವುದೇ ಇಲ್ಲ, ಸೆನ್ಸರ್ ತನ್ನನ್ನು ಸಾಲು ಸಾಲಾಗಿ ಓದಿಕೊಳ್ಳುತ್ತದೆ. ರಂಗನತಿಟ್ಟಿನಲ್ಲಿ ಗೂಡಿನ ಮೇಲೆ ಕುಳಿತ ಹಕ್ಕಿಯನ್ನು ತೆಗೆಯುವುದಾದರೆ ಅದೇ ಒಳ್ಳೆಯದು, ಸದ್ದೂ ಇರುವುದಿಲ್ಲ. ಆದರೆ ಮೊದಲ ಸಾಲನ್ನು ಓದಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಾರುವ ಹಕ್ಕಿಯ ರೆಕ್ಕೆ ಸರಿದಿರುತ್ತದೆ, ಚಿತ್ರದಲ್ಲಿ ಅದು ಬಾಗಿದಂತೆ ಕಾಣುತ್ತದೆ. ಇದನ್ನು ಗೆಲ್ಲಲು ಓದುವ ವೇಗವೇ ಬಹಳ ಹೆಚ್ಚಾಗಬೇಕು. 2021ರಲ್ಲಿ ಬಂದ ನಿಕಾನ್ ಝಡ್9 ಅಷ್ಟು ವೇಗದ ಸೆನ್ಸರ್ ಹೊಂದಿರುವುದರಿಂದಲೇ ಅದರಲ್ಲಿ ಯಾಂತ್ರಿಕ ಶಟರ್ ಇಲ್ಲ. ಒಳಾಂಗಣದಲ್ಲಿ ಇನ್ನೊಂದು ತೊಂದರೆಯಿದೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, ಚಿತ್ರದಲ್ಲಿ ಅಡ್ಡಪಟ್ಟಿಗಳು ಬೀಳುತ್ತವೆ. 1/50 ಅಥವಾ 1/100 ಇಟ್ಟರೆ ಬಹುಮಟ್ಟಿಗೆ ತಪ್ಪುತ್ತವೆ.

ಒಂದು ಎಚ್ಚರಿಕೆ: ತಡವರಿಸುವ ಬ್ಲೇಡ್ ಒಂದು ದಿನ ಅರ್ಧ ಮುಚ್ಚಿಕೊಂಡು ನಿಂತರೆ ಎಲೆಕ್ಟ್ರಾನಿಕ್ ಶಟರ್‌ನಿಂದಲೂ ಪ್ರಯೋಜನವಾಗದು. ವಾರಂಟಿ ಇನ್ನೂ ಉಳಿದಿದ್ದರೆ ಇಂದೇ ಕೊಟ್ಟುಬಿಡಿ.

ಇನ್ನೊಬ್ಬರ ಪ್ರಶ್ನೆ

ಮಲ್ಲೇಶ್ವರದಿಂದ ಬರೆಯುತ್ತಿದ್ದೇನೆ. ಒಂದು ಅಂಗಡಿಯಲ್ಲಿ 11,000 ಕೊಟ್ಟು ಶಟರ್ ಬದಲಿಸಿಕೊಂಡೆ. ಎರಡೇ ತಿಂಗಳಿಗೆ ಮತ್ತೆ ಅದೇ ಎರರ್ ಬಂತು. ಬಿಲ್ಲಿನಲ್ಲಿ ಮೂರು ತಿಂಗಳ ವಾರಂಟಿ ಎಂದು ಬರೆದಿದ್ದರೂ ಈಗ ಒಪ್ಪುತ್ತಿಲ್ಲ. ನಾನು ಸ್ಟುಡಿಯೋ ನಡೆಸುವವನು, ವ್ಯಾಪಾರಕ್ಕೆ ಬಳಸಿದ ವಸ್ತುವಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಎಂದು ಅವರು ವಾದಿಸುತ್ತಾರೆ.

ಉತ್ತರ

ಬಿಲ್ಲು ಇಟ್ಟುಕೊಂಡಿರುವುದು ಒಳ್ಳೆಯದಾಯಿತು. ನಾನು ವಕೀಲನಲ್ಲ, ಆದರೆ ಈ ಕೆಲಸದಲ್ಲಿರುವವರು ತಿಳಿದಿರಲೇಬೇಕಾದಷ್ಟನ್ನು ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶವನ್ನು ಹೊರಗಿಡುತ್ತದೆ ಎಂಬುದು ನಿಜವಾದರೂ, ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದು ಮಾತ್ರ ಬಳಸುವವರನ್ನು ಗ್ರಾಹಕರೆಂದೇ ಪರಿಗಣಿಸುತ್ತದೆ. ನೀವೇ ಕ್ಯಾಮೆರಾ ಹಿಡಿದು ದುಡಿಯುವವರಾದರೆ ಅವರ ವಾದ ಪೂರ್ತಿ ಸರಿಯಲ್ಲ. ಮೊದಲು ಬಿಲ್ಲು, ಜಾಬ್ ಶೀಟ್, ದೋಷ ಕಾಣುವ, ದಿನಾಂಕವುಳ್ಳ ಚಿತ್ರಗಳು ಇವುಗಳೊಂದಿಗೆ ಅಂಗಡಿಗೆ ಲಿಖಿತವಾಗಿ ದೂರು ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವಿಲ್ಲ, ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅಲ್ಲಿಯವರೆಗೆ ಆ ಕ್ಯಾಮೆರಾವನ್ನು ಬೇರೆ ಯಾರ ಕೈಯಲ್ಲೂ ಬಿಚ್ಚಿಸಬೇಡಿ. ಮೂರನೆಯವರು ಬಿಚ್ಚಿದ ಮೇಲೆ ದೋಷ ಯಾರದೆಂದು ತೋರಿಸುವುದು ಕಷ್ಟ.

ಮೊದಲ ಪ್ರಶ್ನೆ ಕೇಳಿದವರಿಂದ

ಉಳಿದ ಭಾಗಗಳೆಲ್ಲ ಸರಿಯಿವೆ ಎಂದರು ಸರ್, ದುರಸ್ತಿಗೇ ಕೊಟ್ಟೆ. ಗುರುವಾರ ಸಿಗುತ್ತದೆ. ತೆಗೆದುಕೊಳ್ಳುವಾಗ ಏನು ನೋಡಲಿ?

ಉತ್ತರ

ನಿಮ್ಮ ಲೆನ್ಸ್, ಕಾರ್ಡ್ ಮತ್ತು ಫ್ಲ್ಯಾಷ್ ಒಯ್ಯಿರಿ. ಕೌಂಟರ್‌ನಲ್ಲೇ ಬಿಳಿ ಗೋಡೆಯ ಪರೀಕ್ಷೆಯನ್ನು ಎಲ್ಲ ವೇಗಗಳಲ್ಲೂ ಮತ್ತೆ ಮಾಡಿ, ಕೊನೆಗೆ ಅಪರ್ಚರ್ ಎಫ್16ಕ್ಕೆ ಕಿರಿದುಮಾಡಿ ಒಂದು ಚಿತ್ರ ತೆಗೆದು ಸೆನ್ಸರ್ ಮೇಲೆ ದೂಳು ಉಳಿದಿದೆಯೇ ನೋಡಿ. ಗೋಡೆಗೆ ನೇರವಾಗಿ ಅಂಟಿಸಿದ ದಿನಪತ್ರಿಕೆಯೊಂದನ್ನು ತೆಗೆದು, ಎಡ ಬಲ ಎರಡೂ ಅಂಚಿನ ಅಕ್ಷರಗಳು ಒಂದೇ ರೀತಿ ಓದುವಂತಿವೆಯೇ ಹೋಲಿಸಿ. ಸೆನ್ಸರ್ ಓರೆಯಾಗಿ ಕೂತಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಬದಲಿಸಿದ ಹಳೆಯ ಶಟರ್ ಅನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಬಿಡಿಭಾಗದ ಸಂಖ್ಯೆ ಮತ್ತು ವಾರಂಟಿಯ ಅವಧಿ ಬರೆಸಿಕೊಳ್ಳಿ. ಮುಂದಿನ ಮದುವೆಗೆ ಮುನ್ನ ಮನೆಯಲ್ಲಿ ಒಂದು ಮುನ್ನೂರು ಚಿತ್ರಗಳನ್ನಾದರೂ ತೆಗೆದು ನೋಡಿ, ದುರಸ್ತಿಯಲ್ಲಿ ಏನಾದರೂ ಕೊರತೆಯಿದ್ದರೆ ಹೆಚ್ಚಾಗಿ ಅಷ್ಟರೊಳಗೇ ತಿಳಿದುಬಿಡುತ್ತದೆ.