ಚಿಕಿತ್ಸೆ ಮುಗಿದ ಮೇಲೂ ಬೆನ್ನು ಬಿಡದ ರೋಗಿ

ಪ್ರಶ್ನೆ (ಫಿಸಿಯೋಥೆರಪಿಸ್ಟ್, ಹಾಸನ): ಸೊಂಟನೋವಿಗೆ ಬರುತ್ತಿದ್ದವರೊಬ್ಬರ ಚಿಕಿತ್ಸೆ ಮುಗಿದು ಬಹಳ ದಿನವಾಯಿತು. ಈಗ ರಾತ್ರಿಯೆಲ್ಲ ವಾಟ್ಸಾಪ್ ಮೆಸೇಜು, ಸಂಜೆ ಆಲೂರು ಬಸ್ಸಿಗೆ ಹೊರಟರೆ ಬಸ್‌ಸ್ಟ್ಯಾಂಡಿನಲ್ಲಿ ಹಾಜರ್. ಬೈಯುವುದಿಲ್ಲ, ಮುಟ್ಟುವುದಿಲ್ಲ. ಇದಕ್ಕೆ ಕೇಸ್ ಆಗುತ್ತದಾ? ನಂಬರ್ ಬ್ಲಾಕ್ ಮಾಡಿಬಿಡಲಾ?

ಉತ್ತರ (ವಕೀಲರು): ಆಗುತ್ತದೆ ಮೇಡಂ. ಹೀಗೆ ಹಿಂದೆ ಬಿದ್ದು ಕಾಡುವುದು (ಸ್ಟಾಕಿಂಗ್) ಅಪರಾಧ, ಭಾರತೀಯ ನ್ಯಾಯ ಸಂಹಿತೆಯ ಕಲಂ 78. ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಐಪಿಸಿ 354ಡಿ. ಬೈಗುಳ, ಹಲ್ಲೆ ನಡೆದಿರಲೇಬೇಕು ಅಂತಿಲ್ಲ. ಆದರೆ ನಿಮಗೆ ಇಷ್ಟವಿಲ್ಲವೆಂದು ಸ್ಪಷ್ಟವಾಗಿ ತಿಳಿದ ಮೇಲೂ ಪದೇಪದೇ ಹಿಂದೆ ಬಿದ್ದ ಎಂದು ತೋರಿಸಬೇಕು. ಕೇಸ್ ಸಡಿಲಾಗುವುದು ಇಲ್ಲೇ. ದಾಕ್ಷಿಣ್ಯಕ್ಕೆ ‘ಈಗ ಬ್ಯುಸಿ, ಆಮೇಲೆ ನೋಡೋಣ’ ಅಂದಿರುತ್ತಾರೆ, ಜೊತೆಗೊಂದು ಕೈಮುಗಿಯುವ ಇಮೋಜಿ ಬೇರೆ!

ಒಂದೇ ಒಂದು ಮೆಸೇಜ್ ಹಾಕಿ: ‘ನಿಮ್ಮ ಚಿಕಿತ್ಸೆ ಮುಗಿದಿದೆ. ಇನ್ನು ನನಗೆ ಫೋನ್, ಮೆಸೇಜ್ ಮಾಡಬೇಡಿ, ಭೇಟಿಗೆ ಬರಬೇಡಿ.’ ಕ್ಷಮೆ ಬೇಡ, ಕಾರಣ ಬೇಡ. ‘ಮದುವೆ ಗೊತ್ತಾಗಿದೆ’ ಎಂಬ ನೆಪವಂತೂ ಬೇಡವೇ ಬೇಡ, ಅದನ್ನು ಹಿಡಿದುಕೊಂಡೇ ವಾದಕ್ಕೆ ಬರುತ್ತಾರೆ. ಆಮೇಲೆ ಬೈಯುವುದಕ್ಕೂ ಉತ್ತರಿಸಬೇಡಿ.

ಬ್ಲಾಕ್ ಮಾಡುವ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮಗೇ ಇಮೇಲ್ ಹಾಕಿಕೊಳ್ಳಿ. ಸ್ಕ್ರೀನ್‌ಶಾಟಿನಲ್ಲಿ ಸೇವ್ ಮಾಡಿದ ಹೆಸರಲ್ಲ, ನಂಬರ್ ಮತ್ತು ತಾರೀಕು ಕಾಣಬೇಕು. ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ; ಮೆಸೇಜುಗಳಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೋರ್ಟಿಗೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರಕ್ಕೆ ಅದು ಬೇಕು. ಕ್ಲಿನಿಕ್ಕಿನ ಸಿಸಿಟಿವಿ ಹಳೆಯದರ ಮೇಲೇ ಹೊಸದನ್ನು ಬರೆದುಕೊಳ್ಳುತ್ತದೆ, ಆದ್ದರಿಂದ ಆತ ಬಂದು ನಿಂತ ದಿನವೇ ಕಾಪಿ ತೆಗೆಸಿ. ಬಸ್‌ಸ್ಟ್ಯಾಂಡಿನದಕ್ಕೆ ತಾರೀಕು, ಹೊತ್ತು, ಜೊತೆಗಿದ್ದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿರಲಿ.

ಪ್ರಶ್ನೆ: ನೋವು ಮರುಕಳಿಸಿತು ಎಂದು ಬಂದರೆ ನೋಡಲೇಬೇಕಾ? ಪೊಲೀಸರಿಗೆ ಫೈಲ್ ಕೊಡಬಹುದಾ?

ಉತ್ತರ (ಆಸ್ಪತ್ರೆ ಆಡಳಿತಾಧಿಕಾರಿ): ತುರ್ತು ಸ್ಥಿತಿ ಬಿಟ್ಟರೆ ನೀವೇ ನೋಡಬೇಕೆಂದಿಲ್ಲ. ಕ್ಲಿನಿಕ್ಕಿನ ಲೆಟರ್‌ಹೆಡ್ಡಿನಲ್ಲಿ ಬೇರೆಯವರಿಗೆ ರೆಫರ್ ಮಾಡಿ, ದಾಖಲೆಗಳ ಪ್ರತಿ ಕೊಟ್ಟು ಸಹಿ ತೆಗೆದುಕೊಳ್ಳಿ. ದೂರಿನಲ್ಲಿ ಹೆಸರು, ನಂಬರ್, ಬಂದುಹೋದ ದಿನಗಳು ಸಾಕು. ರೋಗದ ವಿವರವನ್ನು ಲಿಖಿತ ಆದೇಶವಿಲ್ಲದೆ ಕೊಡಬೇಡಿ. ನಿಮ್ಮ ಡ್ಯೂಟಿ ಹೊತ್ತು ಸೋರುವುದು ಸಾಮಾನ್ಯವಾಗಿ ರಿಸೆಪ್ಷನ್‌ನಿಂದ, ಅಲ್ಲಿಯವರಿಗೆ ಮೊದಲು ಹೇಳಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಯುವುದು, ಪೊಲೀಸ್ ದೂರಿಗೆ ನೆರವಾಗುವುದು ಮಾಲೀಕರ ಹೊಣೆ. ‘ನಿಮ್ಮ ಪರ್ಸನಲ್ ವಿಷಯ’ ಎಂದರೆ ಒಪ್ಪಬೇಡಿ.

ಉತ್ತರ (ಮನೋವೈದ್ಯರು): ‘ಅವರಿಗೂ ನನ್ನ ಮೇಲೆ ಪ್ರೀತಿಯಿದೆ, ಹೇಳಲಾರರು ಅಷ್ಟೇ’ ಎಂದು ಆತ ದೃಢವಾಗಿ ನಂಬಿದ್ದರೆ ಅದು ಎರೊಟೊಮೇನಿಯಾ ಎಂಬ ಭ್ರಮೆ ಇರಬಹುದು. ಆಗ ನಿಮ್ಮ ‘ಬೇಡ’ವೂ ಗುಟ್ಟಿನ ಒಪ್ಪಿಗೆಯಾಗಿಯೇ ಕೇಳಿಸುತ್ತದೆ. ಊರಿನ ಹಿರಿಯರು ‘ಕೂತು ಮಾತಾಡಿ ಬಗೆಹರಿಸೋಣ’ ಅಂದರೂ ಎದುರು ಕೂರಬೇಡಿ. ಆತನನ್ನು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋವೈದ್ಯಕೀಯ ವಿಭಾಗಕ್ಕೆ ಕರೆತರುವುದು ಅವರ ಮನೆಯವರ ಕೆಲಸ.

ಉತ್ತರ (ವಕೀಲರು): ಇನ್ನೊಂದು ಮಾತು. ಮೊದಲ ಸಲದ ಅಪರಾಧ ಜಾಮೀನು ಸಿಗುವಂಥದ್ದು, ಶಿಕ್ಷೆ 3 ವರ್ಷದವರೆಗೆ. ದೂರು ಕೊಟ್ಟ ಸಂಜೆಯೇ ಆತ ಹೊರಗಿರಬಹುದು. ಅಂದಿನಿಂದಲೇ ಬಸ್ ಹೊತ್ತು ಬದಲಿಸಿ, ಸ್ಟ್ಯಾಂಡಿನವರೆಗೆ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಎದುರು ಬಂದರೆ 112ಕ್ಕೆ ಕರೆ ಮಾಡಿ.