ಪದಚರ್ಚೆ: ‘ಫ್ರೀ ಪ್ರಾಡಕ್ಟ್’, ‘ಪ್ಲೂಮ್’ – ಕನ್ನಡದಲ್ಲಿ? (ಸಂಜೆಯೊಳಗೆ ಬೇಕು)

ಜನರೇಟರ್ ಶೆಡ್ಡಿನ ಹಿಂದೆ ಸುಮಾರು 200 ಲೀಟರ್ ಡೀಸೆಲ್ ಚೆಲ್ಲಿದ ಜಾಗದ ಮಣ್ಣು, ಅಂತರ್ಜಲ ಪರೀಕ್ಷೆಯ ವರದಿ ಕನ್ನಡಕ್ಕೆ ಬರಬೇಕು. ಕರಡಿನಲ್ಲಿ, ನೀರಿನ ಮೇಲೆ ತೇಲುವ ಡೀಸೆಲ್ ಪದರ ಎಂಬರ್ಥದ ‘ಫ್ರೀ ಪ್ರಾಡಕ್ಟ್’ಗೆ ‘ಮುಕ್ತ ಉತ್ಪನ್ನ’, ‘ಪ್ಲೂಮ್’ಗೆ ‘ಗರಿ’ ಎಂದಿದೆ. ಬೋರ್‌ವೆಲ್ ಪಕ್ಕದ ಫಲಕಕ್ಕೆ ‘ನೀರಿನ ಮೇಲೆ ತೈಲಾಂಶ ಕಂಡುಬಂದಲ್ಲಿ ಬಳಸತಕ್ಕದ್ದಲ್ಲ’ ಎಂಬ ಸಾಲು. ಸರಿಯೇ? ಬೋರ್ಡು ಬರೆಯುವವರು ಸಂಜೆ ಬರುತ್ತಾರೆ.
– ಸು.

‘ಮುಕ್ತ ಉತ್ಪನ್ನ’ ಓದಿದವರು ಬಿಟ್ಟಿ ಹಂಚುತ್ತಾರೆಂದು ಕ್ಯಾನು ಹಿಡಿದು ಬಂದಾರು. ‘ಗರಿ’ ನಗೆಪಾಟಲು. ಪ್ಲೂಮ್ ಎಂದರೆ ನೀರಿಗೆ ಕರಗಿದ ಡೀಸೆಲ್ ಅಂಶ ನೀರು ಹರಿಯುವ ದಿಕ್ಕಿಗೆ ಚಾಚಿಕೊಳ್ಳುವುದಷ್ಟೇ; ‘ಕಲುಷಿತ ಹರವು’ ಸಾಕು.
– ರಾ.

‘ತೈಲ’ ಯಾಕೆ, ಎಣ್ಣೆ ಇಲ್ಲವೇ? ತೇಲುವ ಪದರಕ್ಕೆ ‘ಎಣ್ಣೆಗೆನೆ’. ‘ಅಂತರ್ಜಲ’ವೂ ಬೇಡ, ‘ನೆಲದಡಿನೀರು’.
– ತಿ.

ಕೆನೆ ಹಾಲಿನೊಳಗಿಂದಲೇ ಮೇಲೇಳುತ್ತದೆ, ಡೀಸೆಲ್ ಹೊರಗಿನಿಂದ ಬಂದದ್ದು. ಒಪ್ಪಲಾಗದು.

ವರದಿಯಲ್ಲಿ ಮೂರನ್ನು ಬೇರೆ ಬೇರೆಯಾಗಿಡಿ: ನೀರಿನ ಮೇಲೆ ‘ತೇಲುವ ಡೀಸೆಲ್’, ಮಣ್ಣಿನ ಸಂದುಗಳಲ್ಲಿ ‘ಸಿಕ್ಕಿಕೊಂಡ ಡೀಸೆಲ್’, ನೀರಿಗೆ ‘ಕರಗಿದ ಅಂಶ’. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಾಗ ಡೀಸೆಲ್ಲೂ ಇಳಿಯುತ್ತದೆ, ಮಳೆಗಾಲದಲ್ಲಿ ಏರುತ್ತದೆ. ಆ ಏರಿಳಿತದುದ್ದಕ್ಕೂ ಮಣ್ಣಿಗೆ ಬಳಿದುಕೊಂಡ ಭಾಗವೇ ‘ಸ್ಮಿಯರ್ ಝೋನ್’. ‘ಮೆತ್ತಿದ ಪಟ್ಟಿ’ ಅನ್ನಬಹುದು. ಮೇಲಿನ ಒಂದಡಿ ಮಣ್ಣು ತೆಗೆದು ‘ಏನೂ ಇಲ್ಲ’ ಎಂದು ಬರೆಯುವವರು ತಪ್ಪುವುದು ಇಲ್ಲೇ. ಪರೀಕ್ಷಾ ಬಾವಿಯಲ್ಲಿ ಅಳೆದ ಪದರದ ದಪ್ಪವನ್ನು ‘ಬಾವಿಯಲ್ಲಿ ಕಂಡ ದಪ್ಪ’ ಎಂದೇ ಬರೆಯಿರಿ. ಸಾಮಾನ್ಯವಾಗಿ ಅದು ನೆಲದೊಳಗಿನ ದಪ್ಪಕ್ಕಿಂತ ಹೆಚ್ಚಿರುತ್ತದೆ. ವರದಿಯಲ್ಲಿ ಬರುವ ‘ಅಂಬರ್ ಬಾಟಲಿ’ ಎಂದರೆ ಪರೀಕ್ಷೆಗೆ ನೀರು ತುಂಬುವ ಕಂದು ಗಾಜಿನ ಬಾಟಲಿ. ಪ್ಲಾಸ್ಟಿಕ್ಕಾದರೆ ಡೀಸೆಲ್ ಗೋಡೆಗೆ ಅಂಟಿ ಲೆಕ್ಕ ಕಡಿಮೆ ಬರುತ್ತದೆ.

ಫಲಕದ ಸಾಲಂತೂ ಅಪಾಯ. ನಮ್ಮ ಬೋರ್‌ವೆಲ್‌ಗಳಲ್ಲಿ ಗಟ್ಟಿ ಬಂಡೆ ಸಿಗುವವರೆಗೆ ಕೇಸಿಂಗ್ (ಮಣ್ಣು ಕುಸಿಯದಂತೆ ಇಳಿಸುವ ಕೊಳವೆ), ಪಂಪು ಅದಕ್ಕಿಂತ ಎಷ್ಟೋ ಆಳದಲ್ಲಿ. ಮೇಲೆ ತೇಲುವುದು ಸಾಮಾನ್ಯವಾಗಿ ನಲ್ಲಿಗೆ ಬರುವುದಿಲ್ಲ, ಕರಗಿದ್ದು ಬರುತ್ತದೆ, ಅದು ಕಣ್ಣಿಗೆ ಕಾಣದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಲ್ಲಿ ಖನಿಜ ತೈಲದ ಮಿತಿ ಲೀಟರಿಗೆ 0.5 ಮಿಲಿಗ್ರಾಂ. ‘ಕಂಡುಬಂದಲ್ಲಿ’ ತೆಗೆಯಿರಿ.
– ಭೂ.

ನೋಡಿ, ಭೂವಿಜ್ಞಾನಿಗಳೂ ‘ತೈಲ’ವನ್ನು ಬಿಡಲಾರರು.
– ತಿ.

ಮಾನದಂಡದಲ್ಲಿರುವ ಬಾಬಿನ ಹೆಸರದು. ತಿಲದಿಂದ ತೈಲ, ಎಳ್+ನೆಯ್ ಸೇರಿ ಎಣ್ಣೆ: ಎರಡೂ ಎಳ್ಳಿನವೇ, ಡೀಸೆಲ್ಲಿಗೆ ಎರಡೂ ಸಲ್ಲವು.
– ಭೂ.

ಸೀಮೆಎಣ್ಣೆಯಲ್ಲಿ ಎಳ್ಳು ಎಲ್ಲಿತ್ತು? ಪದ ಬೆಳೆಯುತ್ತದೆ. ಬೆಳೆಯಲು ಬಿಡದೆ ಸಂಸ್ಕೃತದ ಮನೆಗೆ ಸಾಲಕ್ಕೆ ಹೋಗುವುದೇ ರೋಗ.
– ತಿ.

ಹಾಗಾದರೆ ‘ಡೀಸೆಲ್’ ಏನು ಮಾಡುತ್ತೀರಿ? ಅದು ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನ ಹೆಸರು. ಅದಕ್ಕೂ ಅಚ್ಚಗನ್ನಡ ಹುಡುಕುವಷ್ಟರಲ್ಲಿ ಊರು ನೀರು ಕುಡಿದಿರುತ್ತದೆ. ಇನ್ನು ಬೋರ್ಡಿನಲ್ಲಿ ಬರೀ ‘ಎಣ್ಣೆ’ ಎಂದರೆ ಈಗಿನವರು ಬೇರೆಯದನ್ನೇ ತಿಳಿಯುತ್ತಾರೆ.
– ರಾ.

ಹೀಗೆ ಬರೆಸುತ್ತಿದ್ದೇನೆ: ‘ಇಲ್ಲಿ ಡೀಸೆಲ್ ಚೆಲ್ಲಿದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಈ ಬೋರ್‌ವೆಲ್ ನೀರನ್ನು ಕುಡಿಯಬೇಡಿ, ಅಡುಗೆಗೆ ಬಳಸಬೇಡಿ, ದನಗಳಿಗೂ ಕುಡಿಸಬೇಡಿ. ಕಾಯಿಸಿದರೂ ಸರಿಹೋಗುವುದಿಲ್ಲ.’
– ಸು.

‘ಫಲಿತಾಂಶ’ ಸಂಸ್ಕೃತ.
– ತಿ.